ಸಹಾಯ ಬೇಕು: ಚಿಕನ್ ಸಲಾಡ್ ಡಬ್ಬಿಯಲ್ಲಿ ನೀರು ಬಿಡ್ತಿದೆ

ಎಲ್ಲರಿಗೂ ನಮಸ್ಕಾರ. ಮಧ್ಯಾಹ್ನದ ಊಟಕ್ಕೆ ಅದೊಂದೇ ಸಾಕಾಗುವಂಥ ಚಿಕನ್ ಸಲಾಡ್ ಮಾಡ್ತೀನಿ. ಬೆಳಿಗ್ಗೆ ಕಲಸಿದಾಗ ಗಟ್ಟಿಯಾಗೇ ಇರುತ್ತೆ. ಮಧ್ಯಾಹ್ನ ಡಬ್ಬಿ ತೆಗೆದರೆ ತಳದಲ್ಲಿ ತಿಳಿ ಮಜ್ಜಿಗೆಯಂಥ ನೀರು, ಮೇಲೆ ಸಪ್ಪೆ ಕೋಳಿ.

ಅಳತೆ: ಮೂಳೆಯಿಲ್ಲದ ಎದೆ ಭಾಗ ಅರ್ಧ ಕೆಜಿ, ಬೆಂದ ಕಾಬೂಲ್ ಕಡಲೆ ಒಂದು ಕಪ್, ಸೌತೆಕಾಯಿ, ಈರುಳ್ಳಿ ಒಂದೊಂದು. ಡ್ರೆಸ್ಸಿಂಗ್‌ಗೆ ಬಟ್ಟೆಯಲ್ಲಿ ಕಟ್ಟಿ ಮೂರು ಗಂಟೆ ನೀರಿಳಿಸಿದ ಮೊಸರು 200 ಗ್ರಾಂ, ಎಣ್ಣೆ 2 ಚಮಚ, ಅರ್ಧ ನಿಂಬೆಹಣ್ಣಿನ ರಸ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು.

ಕೋಳಿಯದ್ದು ತೊಂದರೆ ಅನ್ನಿಸಲ್ಲ. ಲೀಟರ್ ನೀರಿಗೆ 50 ಗ್ರಾಂ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಬೇರೆ ನೀರಲ್ಲಿ ಸಣ್ಣ ಉರಿಯಲ್ಲಿ ಬೇಯಿಸ್ತೀನಿ. ಕೊತಕೊತ ಕುದಿಸಿದರೆ ನಾರು ಬಿಗಿದು ರಸ ಹೊರಗೆ ಹೋಗುತ್ತೆ. ಒಳಗೆ 74 ಡಿಗ್ರಿ ಬಂದ ಕೂಡಲೇ ತೆಗೆದು, ಪೂರ್ತಿ ಆರಿಸಿಯೇ ಬಿಡಿಸೋದು. ಬಿಸಿಯಲ್ಲಿ ಕಲಸಿದರೆ ಹಬೆಯೇ ನೀರಾಗುತ್ತೆ. ಸೌತೆಕಾಯಿಯ ತಿರುಳು ತೆಗೆದು, ಉಪ್ಪು ಸವರಿ 15 ನಿಮಿಷ ಬಿಟ್ಟು ಹಿಂಡ್ತೀನಿ.

ಹಾಗಾಗಿ ನನ್ನ ಅನುಮಾನ ಮೊಸರಿನ ಮೇಲೆ, ಆಮೇಲೆ ಈರುಳ್ಳಿ ಮೇಲೆ. ಗೊತ್ತಿರೋರು ಹೇಳಿ:

ಮೊಸರನ್ನ ಫ್ರಿಜ್ಜಲ್ಲಿ ರಾತ್ರಿಯಿಡೀ ಕಟ್ಟಿಟ್ಟರೆ ಸಾಕಾ, ಇಲ್ಲಾ ಅರ್ಧ ಮಯೋನೀಸ್ ಸೇರಿಸಲೇಬೇಕಾ? ಹುರಿಗಡಲೆ ಪುಡಿ ಒಂದು ಚಮಚ ಹಾಕಿದರೆ ನೀರು ಹೀರುತ್ತಾ, ಅಥವಾ ಚಟ್ನಿ ರುಚಿ ಬಂದುಬಿಡುತ್ತಾ? ಈರುಳ್ಳಿಯನ್ನೂ ಉಪ್ಪು ಹಾಕಿ ಹಿಂಡಬೇಕಾ?

ಡ್ರೆಸ್ಸಿಂಗ್ ಬೇರೆ ಡಬ್ಬಿಯಲ್ಲಿ ಒಯ್ಯೋ ಸಲಹೆ ಬೇಡ. ಕಡಲೆಗೆ ಹುಳಿ, ಉಪ್ಪು ಹಿಡಿಯೋಕೆ ಮೊದಲೇ ಕಲಸಬೇಕು. ಡಬ್ಬಿ ಐಸ್ ಪ್ಯಾಕ್ ಜೊತೆಗೇ ಹೋಗುತ್ತೆ, ಕೆಡೋ ಚಿಂತೆಯಿಲ್ಲ.