ಸಹಾಯ ಬೇಕು: ‘ಹೊಗು’ ಪದವನ್ನು ಈಗ ಹೇಗೆ ಬಳಸಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಕತೆಯಲ್ಲಿ ‘ಕಾಡನ್ನು ಹೊಗುವ ಮುನ್ನ ಅವನು ತಿರುಗಿ ನೋಡಿದ’ ಅಂತ ಬರೆದಿದ್ದೆ. ಓದಿದ ಗೆಳೆಯರೊಬ್ಬರು ಅಚ್ಚಿನ ತಪ್ಪು ಅಂದುಕೊಂಡು ‘ಹೋಗುವ’ ಅಂತ ತಿದ್ದಿಬಿಟ್ಟರು! ಹೊಗು ಅಂದರೆ ಒಳಗೆ ಸೇರು, ಹೋಗು ಬೇರೆ, ಅಲ್ವಾ? ಹಳಗನ್ನಡದಲ್ಲಿ ಇದು ‘ಪುಗು’, ತಮಿಳಿನಲ್ಲಿ ಇಂದಿಗೂ ಹಾಗೇ ಇದೆ.

ವಿಚಿತ್ರ ಅಂದರೆ, ಇದೇ ‘ಹೊಗು’ವಿನ ಭೂತಕಾಲದ ರೂಪ ಹಾಕಿ ‘ಮನೆ ಹೊಕ್ಕ’, ‘ಒಳಹೊಕ್ಕು ನೋಡು’ ಅಂದರೆ ಯಾರಿಗೂ ತೊಡಕಿಲ್ಲ. ‘ಹಾಸುಹೊಕ್ಕು’ ಅಂತೂ ದಿನಾ ಕೇಳುತ್ತೇವೆ, ಅಲ್ಲಿ ಹಾಸು ಅಂದರೆ ಮಗ್ಗದ ಉದ್ದದ ನೂಲು, ಹೊಕ್ಕು ಅಂದರೆ ಅದರ ನಡುವೆ ಅಡ್ಡಡ್ಡ ತೂರಿಕೊಳ್ಳುವ ನೂಲು. ಆದರೆ ‘ಹೊಗುತ್ತಾನೆ’ ಅಂದ ಕೂಡಲೇ ಕಿವಿಗೆ ಏನೋ ಇರುಸುಮುರುಸು.

ನನ್ನ ಪ್ರಶ್ನೆ ಎರಡು. ‘ಹೊಗುತ್ತಾನೆ, ಹೊಗಲಿ’ ಅಂತ ನಿಮ್ಮ ಕಡೆ ಯಾರಾದರೂ ಮಾತಿನಲ್ಲಿ ಹೇಳುತ್ತಾರಾ, ಇಲ್ಲ ‘ಮರೆಹೊಗು’ ಥರದ ಜೋಡುಪದದಲ್ಲಿ ಮಾತ್ರ ಉಳಿದಿದೆಯಾ? ಮತ್ತೆ ‘ಕಾಡನ್ನು ಹೊಕ್ಕ’, ‘ಕಾಡಿಗೆ ಹೊಕ್ಕ’, ಸುಮ್ನೆ ‘ಕಾಡು ಹೊಕ್ಕ’, ಇವುಗಳಲ್ಲಿ ಯಾವುದು ಸರಿ? ನನಗೆ ಕೊನೆಯದೇ ಇಷ್ಟ. ‘ನುಗ್ಗು’ ಹಾಕಿ ಅನ್ನಬೇಡಿ, ಅದರಲ್ಲಿ ಜೋರು ಜಾಸ್ತಿ, ನನ್ನ ಕತೆಯವನು ಮೆಲ್ಲಗೆ ನಡೆಯುವವನು. ‘ಪ್ರವೇಶಿಸು’ ಕೂಡ ಬೇಡ, ಸೂಚನಾ ಫಲಕದ ಹಾಗೆ ಕೇಳಿಸುತ್ತೆ.