ಅಪ್‌ಡೇಟ್: ದೀಪಾವಳಿಗೆ ಶಿರಸಿಗೆ ಹೋಗಿ ಬಂದೆವು

ಬೆಂಗಳೂರಿನಿಂದ ಕಾರಿನಲ್ಲಿ ಶಿರಸಿಗೆ ಹೋಗಬಹುದಾ, ಅಪ್ಪನಿಗೆ 76, ಆಯಿಗೆ ಸಕ್ಕರೆ ಕಾಯಿಲೆ ಅಂತ ಅಕ್ಟೋಬರ್ 2020ರಲ್ಲಿ, ಕೊರೊನಾ ಹೊತ್ತಲ್ಲಿ, ಇಲ್ಲಿ ಕೇಳಿದ್ದೆ. "ಹತ್ತು ದಿನ ಮನೆಯಲ್ಲೇ ಇದ್ದು, ಟೆಸ್ಟ್ ಮಾಡಿಸಿ ಹೋಗಿ" ಅಂದಿದ್ದಿರಿ. ಹಾಗೇ ಮಾಡಿದೆವು. ಮಗಳನ್ನು ಪಾರ್ಕಿಗೂ ಬಿಡಲಿಲ್ಲ. ಆರ್‌ಟಿ-ಪಿಸಿಆರ್ ಮೂವರಿಗೂ ನೆಗೆಟಿವ್ ಬಂತು.

ಬೆಳಗ್ಗೆ ಐದಕ್ಕೆ ಹೊರಟೆವು. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಸುಮಾರು 400 ಕಿ.ಮೀ. ಚಪಾತಿ, ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ ಇತ್ತು, ಹೋಟೆಲ್ ಬೇಕಾಗಲಿಲ್ಲ. ಟೋಲ್‌ನಲ್ಲಿ ಫಾಸ್ಟ್ಯಾಗ್, ಕಿಟಕಿಯನ್ನೂ ಇಳಿಸಲಿಲ್ಲ. ಕಷ್ಟ ಆಗಿದ್ದು ಶೌಚಾಲಯದ್ದು. ಪೆಟ್ರೋಲ್ ಬಂಕಿನಲ್ಲಿ ಜನ ಮಾಸ್ಕನ್ನು ಗದ್ದಕ್ಕೆ ಇಳಿಸಿ ನಿಂತಿದ್ದರು. ಇನ್ನೂ ಮುಂದೆ ಹೋಗಿ, ಖಾಲಿ ಬಂಕ್ ಹುಡುಕಿ ನಿಲ್ಲಿಸಿದೆವು. ಹೆಣ್ಣುಮಕ್ಕಳ ಜೊತೆ ಹೋಗುವವರು ಇದನ್ನು ಮೊದಲೇ ಯೋಚಿಸಿಕೊಳ್ಳಿ.

ಊರಲ್ಲಿ ಮಲಗಿದ್ದು ಮಹಡಿಯ ಮೇಲೆ, ಊಟ ಜಗಲಿಯಲ್ಲಿ. ಎಂಟು ತಿಂಗಳ ಮೇಲೆ ಮೊಮ್ಮಗಳನ್ನು ಕಂಡ ಆಯಿ ಅಂಗಳದಲ್ಲೇ ಕೈ ಚಾಚಿದರು. ಅವಳು "ಮೊದಲು ಸ್ನಾನ, ಅಜ್ಜಿ" ಅಂದಳು. ಇಬ್ಬರ ಕಣ್ಣಲ್ಲೂ ನೀರು. ನನಗೆ ಆ ಹೊತ್ತು ತುಂಬಾ ಭಾರವಾಗಿತ್ತು.

ನವೆಂಬರ್ 16ರಂದು ಗೋಪೂಜೆ. ಹಸುಗಳಿಗೆ ಅಡಿಕೆ ಮಾಲೆ ಕಟ್ಟಿದ್ದು ನಾವು ಮನೆಯವರಷ್ಟೇ. ಪಕ್ಕದ ಮನೆಯವರನ್ನು ಕರೆಯಲಿಲ್ಲ, ಬೇಜಾರಾದರು. ಅದನ್ನು ಫೋನಿನಲ್ಲಿ ಮಾತಾಡಿ ಸರಿ ಮಾಡಿಕೊಂಡೆ.

ವಾಪಸ್ ಬಂದು ಇವತ್ತಿಗೆ ಹದಿನೈದು ದಿನ. ಅಲ್ಲೂ ಇಲ್ಲೂ ಯಾರಿಗೂ ಜ್ವರವಿಲ್ಲ. ಉತ್ತರಿಸಿದ ಎಲ್ಲರಿಗೂ, "ಹೋಗಲೇಬೇಡಿ" ಅಂದವರಿಗೂ ಥ್ಯಾಂಕ್ಸ್. ಅವರ ಮಾತು ಕೇಳಿಯೇ ಇಷ್ಟು ಜಾಗ್ರತೆ ಮಾಡಿದ್ದು.