ನಿಧಾನ ಇಂಟರ್ನೆಟ್‌ನಲ್ಲಿ ಹವ್ಯಾಸಿಗಳು ತೆಗೆದ ಆಕಾಶದ ಚಿತ್ರಗಳನ್ನು ನೋಡುವುದು ಹೇಗೆ?

ಪ್ರಶ್ನೆ: ಅಧ್ಯಾಪಿಕೆ, ಪೆರ್ಲ

ಎಲ್ಲರಿಗೂ ನಮಸ್ಕಾರ. ಪೆರ್ಲದಿಂದ ಒಳಗೆ, ಗುಡ್ಡದ ಬುಡದಲ್ಲಿರುವ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಇಲ್ಲಿ ರೇಂಜ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ, ಮಳೆಗಾಲದಲ್ಲಿ ಅದೂ ಕಷ್ಟ. ಆಸ್ಟ್ರೋಬಿನ್‌ನಂತಹ ತಾಣಗಳಲ್ಲಿ ಹವ್ಯಾಸಿಗಳು ಹಾಕುವ ಚಿತ್ರಗಳನ್ನು ಮಕ್ಕಳಿಗೆ ತೋರಿಸಬೇಕೆಂದು ನನಗೆ ಬಹಳ ಆಸೆಯಿದೆ. ಮನೆಯಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿ ತೆಗೆದ ಚಿತ್ರವೆಂದು ತಿಳಿದಾಗ, ತಾವೂ ತೆಗೆಯಬಹುದೆಂಬ ಧೈರ್ಯ ಅವರಿಗೆ ಬರುತ್ತದೆ. ಆದರೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆಯ, ಅಂದರೆ ಅನಿಲ-ಧೂಳಿನ ಮೋಡದ, ಚಿತ್ರ ತೆರೆದರೆ ಮೇಲಿನಿಂದ ಕಪ್ಪು ಆಕಾಶದ ಪಟ್ಟಿ ಇಂಚಿಂಚಾಗಿ ಇಳಿದು, ನೀಹಾರಿಕೆ ಕಾಣುವ ಮೊದಲೇ ನಿಂತುಬಿಡುತ್ತದೆ. ಡೇಟಾ ಉಳಿಸುವ ಬ್ರೌಸರ್‌ನಲ್ಲಿ ಬೇಗ ಬರುತ್ತದೆ ನಿಜ, ಆದರೆ ಮಂದವಾದ ಭಾಗಗಳೆಲ್ಲ ಚೌಕ ಚೌಕವಾಗಿ ಒಡೆದಿರುತ್ತವೆ. ಅಂದಗೆಡದಂತೆ ನೋಡಲು ದಾರಿಯಿದೆಯೇ?

ಉತ್ತರ: ಛಾಯಾಗ್ರಹಣದ ಹವ್ಯಾಸಿ, ಕುಂಬಳೆ

ಟೀಚರೇ, ಚಿತ್ರವನ್ನು ಕುಗ್ಗಿಸಿ ಉಳಿಸುವ ಜೆಪೆಗ್ ಕಡತಗಳಲ್ಲಿ ಎರಡು ಬಗೆಯಿವೆ. ಸಾಮಾನ್ಯ ಬಗೆಯದು ಮೇಲಿನಿಂದ ಕೆಳಕ್ಕೆ ಸಾಲಾಗಿ ತೆರೆದುಕೊಂಡರೆ, ಪ್ರೋಗ್ರೆಸಿವ್ ಬಗೆಯದು ಮೊದಲು ಇಡೀ ಚಿತ್ರವನ್ನು ಮಸುಕಾಗಿ ತೋರಿಸಿ ಆಮೇಲೆ ಸ್ಪಷ್ಟವಾಗುತ್ತಾ ಹೋಗುತ್ತದೆ. ಯಾವುದನ್ನು ಕೊಡಬೇಕೆಂಬುದು ಹಾಕುವವರಿಗೆ ಬಿಟ್ಟದ್ದು. ಇದನ್ನು ಓದುತ್ತಿರುವ ಛಾಯಾಗ್ರಾಹಕರು ದಯವಿಟ್ಟು ಪ್ರೋಗ್ರೆಸಿವ್ ಆಗಿ ಉಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನೀವು ಕಂಡ ಚೌಕಗಳಿಗೂ ಕಾರಣವಿದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ (ಚಿತ್ರದ ಚುಕ್ಕಿಗಳ) ತುಂಡುಗಳಾಗಿ ಮಾಡಿ ಕುಗ್ಗಿಸುತ್ತದೆ. ಅತಿಯಾಗಿ ಕುಗ್ಗಿಸಿದಾಗ ನೀಹಾರಿಕೆಯ ಅಂಚಿನಲ್ಲಿ ಬೆಳಕು ನಯವಾಗಿ ಕತ್ತಲೆಗೆ ಸರಿಯುವ ಆ ಭಾಗವೇ ಹಾಳಾಗುತ್ತದೆ. ಮದುವೆಯ ಫೋಟೋದಲ್ಲಿ ಕಣ್ಣಿಗೆ ಬೀಳದ ಈ ನಷ್ಟ ಆಕಾಶದ ಚಿತ್ರದಲ್ಲಿ ಎದ್ದು ಕಾಣುತ್ತದೆ.

ಆದುದರಿಂದ ದೊಡ್ಡ ಚಿತ್ರವನ್ನು ಕುಗ್ಗಿಸಿ ನೋಡುವುದಕ್ಕಿಂತ, ಅಳತೆಯಲ್ಲೇ ಚಿಕ್ಕದಾದ ಪ್ರತಿಯನ್ನು ಒಳ್ಳೆಯ ಗುಣಮಟ್ಟದಲ್ಲಿ ತೆರೆಯಿರಿ. 6000×4000 ಅಳತೆಯ ಚಿತ್ರದಲ್ಲಿ 2.4 ಕೋಟಿ ಪಿಕ್ಸೆಲ್‌ಗಳಿವೆ. 1920×1080 ಪ್ರೊಜೆಕ್ಟರ್ ತೋರಿಸಬಲ್ಲದ್ದು ಸುಮಾರು 20 ಲಕ್ಷ ಮಾತ್ರ. ಸೆಕೆಂಡಿಗೆ 200 ಕಿಲೋಬಿಟ್ ವೇಗದಲ್ಲಿ 10 ಎಂಬಿ ಕಡತ ಇಳಿಯಲು ಏಳು ನಿಮಿಷದಷ್ಟು ಹೊತ್ತು ಬೇಕು, 400 ಕೆಬಿಯ ಪ್ರತಿಗೆ 16 ಸೆಕೆಂಡು ಸಾಕು. ನಾಸಾದವರು 1995ರಿಂದ ದಿನಕ್ಕೊಂದರಂತೆ ಪ್ರಕಟಿಸುತ್ತಿರುವ ಖಗೋಳ ಚಿತ್ರಗಳಲ್ಲಿ ಹವ್ಯಾಸಿಗಳದ್ದೂ ಸಾಕಷ್ಟಿವೆ. ಅಲ್ಲಿ ಪುಟದಲ್ಲಿ ಕಾಣುವುದು ಸಣ್ಣ ಪ್ರತಿ, ಅದನ್ನು ಒತ್ತಿದರೆ ಮಾತ್ರ ದೊಡ್ಡದು ಬರುತ್ತದೆ.

ಉತ್ತರ: ಗ್ರಂಥಾಲಯದ ಕಾರ್ಯಕರ್ತ, ಮುಳ್ಳೇರಿಯ

ಕುಂಬಳೆಯವರ ಮಾತನ್ನು ಒಪ್ಪುತ್ತೇನೆ, ಆದರೆ ಕುದುರೆತಲೆ ನೀಹಾರಿಕೆಯಂತಹ ಸಣ್ಣ ವಿವರ ತೋರಿಸಬೇಕಾದಾಗ ಸಣ್ಣ ಪ್ರತಿ ಸಾಲದು. ಆಗ ಪೇಟೆಯಲ್ಲಿ ಒಳ್ಳೆಯ ಸಂಪರ್ಕವಿರುವವರೊಬ್ಬರು ಮೂಲ ಚಿತ್ರವನ್ನು ಇಳಿಸಿ, ಬೇಕಾದಷ್ಟೇ ಭಾಗವನ್ನು ಕತ್ತರಿಸಿ ಕಳುಹಿಸಲಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಮತ್ತೆ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ. ತೆಗೆದವರ ಹೆಸರು, ಕ್ಯಾಮೆರಾ, ಎಷ್ಟು ಹೊತ್ತಿನ ಎಕ್ಸ್‌ಪೋಶರ್ ಎಂಬುದನ್ನು ಜೊತೆಗೇ ಬರೆದಿಡಿ. ಮಕ್ಕಳು ಮೊದಲು ಕೇಳುವುದು ಅದನ್ನೇ, ಅಲ್ಲದೆ ರಾತ್ರಿಯಿಡೀ ದುಡಿದವರ ಹೆಸರು ಬಿಟ್ಟುಹೋಗುವುದು ಅನ್ಯಾಯ.

ಅಧ್ಯಾಪಿಕೆ, ಪೆರ್ಲ

ಇಬ್ಬರಿಗೂ ಕೃತಜ್ಞತೆಗಳು. ಕೆಲವರು ಬೆಳಕಿನ ಸೂಕ್ಷ್ಮ ವ್ಯತ್ಯಾಸಗಳನ್ನೂ ಉಳಿಸುವ 16 ಬಿಟ್‌ನ ಟಿಫ್ ಎಂಬ ದೊಡ್ಡ ಕಡತವನ್ನೂ ಕೊಡುತ್ತಾರಲ್ಲ, ನೋಡುವುದಕ್ಕೆ ಅದರ ಅಗತ್ಯವಿದೆಯೇ?

ಛಾಯಾಗ್ರಹಣದ ಹವ್ಯಾಸಿ, ಕುಂಬಳೆ

ಇಲ್ಲ ಟೀಚರೇ. ಅದು ಬಣ್ಣ, ಬೆಳಕುಗಳನ್ನು ತಿದ್ದುವವರಿಗೆ ಬೇಕಾದದ್ದು. 2.4 ಕೋಟಿ ಪಿಕ್ಸೆಲ್‌ಗಳ ಚಿತ್ರ ಕುಗ್ಗಿಸದ ಟಿಫ್‌ನಲ್ಲಿ 144 ಎಂಬಿ ಆಗುತ್ತದೆ, ನಿಮ್ಮಲ್ಲಿ ಅದು ಇಳಿಯಲು ಒಂದೂವರೆ ಗಂಟೆಯ ಮೇಲೆ ಬೇಕು. ಕೃತ್ತಿಕೆ, ದೇವಯಾನಿ (ಆಂಡ್ರೊಮಿಡಾ), ಮಹಾವ್ಯಾಧ ಈ ಮೂರರ ಸಣ್ಣ ಪ್ರತಿಗಳನ್ನು ನಾನೇ ಸಿದ್ಧಮಾಡಿ ಡಾಕ್ಯುಮೆಂಟ್ ಆಗಿ ಕಳುಹಿಸುತ್ತೇನೆ. ಮೂರೂ ಸೇರಿ 2 ಎಂಬಿ ಮೀರದಂತೆ ನೋಡಿಕೊಳ್ಳುತ್ತೇನೆ.